ಡೈರೆಕ್ಟರ್ ಸಾಹೇಬರಿಗೆ ಕೆಲಸವಿಲ್ಲ

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದಿದ ಹೆಚ್ಚಿನವರು ಅದನ್ನ ದುಡ್ಡಿನ ಕತೆ ಅಂತಾರೆ. ಕಷ್ಟದಲ್ಲಿದ್ದ ಸಂಸಾರಕ್ಕೆ ದಿಢೀರಂತ ಹಣ ಬಂತು, ಹಣದ ಬೆನ್ನಿಗೆ ಠೇಂಕಾರ ಬಂತು, ಠೇಂಕಾರದ ಬೆನ್ನಿಗೆ ಕ್ರೌರ್ಯ ಬಂತು. 2015ರಲ್ಲಿ ಶ್ರೀನಾಥ್ ಪೆರೂರ್ ಮಾಡಿದ ಇಂಗ್ಲಿಷ್ ಅನುವಾದ ಬಂದ ಮೇಲೆ ಕನ್ನಡ ಬಾರದವರೂ ಅದನ್ನು ಓದಿದರು, ಅವರೂ ಹೆಚ್ಚುಕಡಿಮೆ ಹೀಗೇ ಓದಿದರು. ನನಗೆ ಮಾತ್ರ ಎರಡನೇ ಓದಿನಲ್ಲಿ ಅದು ಕೆಲಸದ ಕತೆಯಾಗಿ ಕಂಡಿತು. ಒಳ್ಳೇ ಡೆಸಿಗ್ನೇಶನ್ ಇದೆ, ತಿಂಗಳಿಗೆ ಸರಿಯಾಗಿ ಸಂಬಳ ಬೀಳತ್ತೆ, ಆದರೆ ಬೆಳಗ್ಗೆ ಎದ್ದರೆ ಮಾಡೋಕೆ ಏನೂ ಇಲ್ಲದವನ ಕತೆ. ಇಡೀ ಪುಸ್ತಕದಲ್ಲಿ ಒಂದು ಐಟಿ ಕಂಪನಿಯ ಸುದ್ದಿಯಿಲ್ಲ. ಆದರೂ ನಮ್ಮಂಥ ಸಂಬಳದ ಜನರ ಭಾನುವಾರ ರಾತ್ರಿಯ ಸಂಕಟ ಏನು ಅಂತ ಅದಕ್ಕೆ ಚೆನ್ನಾಗಿ ಗೊತ್ತು.

ಓದದವರಿಗಾಗಿ ನಾಲ್ಕು ಮಾತು. ಬೆಂಗಳೂರಿನ ಸಂಸಾರ. ಅಪ್ಪ ಟೀ ಪುಡಿ ಕಂಪನಿಯ ಸೇಲ್ಸ್‌ಮನ್. ರೈಲಿನ ಬೋಗಿಗಳ ಹಾಗೆ ಒಂದರ ಹಿಂದೊಂದು ಕೋಣೆಗಳಿರುವ ಮನೆ, ಮನೆ ತುಂಬ ಇರುವೆ. ಅಪ್ಪನ ನೌಕರಿ ಹೋಗತ್ತೆ. ಚಿಕ್ಕಪ್ಪ ಧೈರ್ಯ ಮಾಡಿ ಸೋನಾ ಮಸಾಲಾ ಅಂತ ಒಂದು ವ್ಯಾಪಾರ ಶುರುಮಾಡುತ್ತಾನೆ. ಸಗಟಿನಲ್ಲಿ ಕೊಂಡು, ಪೊಟ್ಟಣ ಕಟ್ಟಿ, ಅಂಗಡಿಗಳಿಗೆ ಹಾಕುವ ವ್ಯಾಪಾರ. ಅದು ಹಿಡಿಯತ್ತೆ, ಹೊಸ ಮನೆ ಬರತ್ತೆ. ಕತೆ ಹೇಳುವ ಮಗನಿಗೆ ಕಂಪನಿಯಲ್ಲಿ ಡೈರೆಕ್ಟರ್ ಪಟ್ಟ, ಬ್ಯಾಂಕ್ ಅಕೌಂಟಿಗೆ ಸಂಬಳ. ಅವನ ದಿನ ಕಳೆಯೋದು ಮಾತ್ರ ಕಾಫಿ ಹೌಸಿನಲ್ಲಿ. ಕಾದಂಬರಿ ಶುರುವಾಗೋದೂ ಅಲ್ಲೇ. ಅವನಿಗೊಂದು ಹೆಸರೂ ಇಲ್ಲ. ಮೊದಲ ಓದಿನಲ್ಲಿ ಇದು ಲೇಖಕರ ಜಾಣತನ ಅನ್ನಿಸಿತ್ತು. ಈಗ ನೋಡಿದರೆ ಕಾರಣ ಸರಳವಾಗಿದೆ ಅನ್ನಿಸತ್ತೆ. ಅವನನ್ನು ಕೆಲಸಕ್ಕಾಗಿ ಹೆಸರು ಹಿಡಿದು ಕೂಗುವವರು ಯಾರೂ ಇಲ್ಲ.

ಈ ಪುಸ್ತಕದಲ್ಲಿ ಎರಡು ಥರದ ಲೆಕ್ಕಪತ್ರ ಇದೆ. ಮೊದಲನೆಯದು ಅಪ್ಪನದು. ಊರೆಲ್ಲ ಸುತ್ತಿ, ಅಂಗಡಿ ಅಂಗಡಿ ಹತ್ತಿಳಿದು, ಮನೆಗೆ ಬಂದು ದಿನದ ವಸೂಲಿ ಕೂಡಿಸೋದು. ಲೆಕ್ಕ ತಾಳೆಯಾಗಬೇಕು. ಆಗದಿದ್ದರೆ ಕೈಯಿಂದ ಕಟ್ಟಬೇಕು. ಹಾಗಾಗಿ ಲೆಕ್ಕ ಕೂಡದ ದಿನ ಇಡೀ ಮನೆ ಆ ಲೆಕ್ಕದೊಳಗೆ ಬೀಳತ್ತೆ. ಅಪ್ಪ ಏನು ಕೆಲಸ ಮಾಡ್ತಾರೆ ಅನ್ನೋದು ಹೆಂಡತಿಗೂ ಮಕ್ಕಳಿಗೂ ಗೊತ್ತು. ಎರಡನೆಯದು ಸೋನಾ ಮಸಾಲಾದ ಲೆಕ್ಕ. ಅದು ಚಿಕ್ಕಪ್ಪನಿಗೆ ಮಾತ್ರ ಗೊತ್ತು. ಉಳಿದವರಿಗೆ ಗೊತ್ತಿರೋದು ದುಡ್ಡು ಬರತ್ತೆ ಅನ್ನೋದಷ್ಟೇ. ಅಪ್ಪನ ಸಂಬಳ ಕಮ್ಮಿಯಿತ್ತು, ಆದರೆ ಅದು ಎಲ್ಲಿಂದ, ಯಾವ ಅಂಗಡಿಯಿಂದ, ಯಾವ ಬೆವರಿನಿಂದ ಬಂತು ಅನ್ನೋದು ಊಟದ ತಟ್ಟೆಯವರೆಗೂ ಕಾಣುತ್ತಿತ್ತು. ಮಗನ ಸಂಬಳ ಜಾಸ್ತಿ, ಆದರೆ ಅದು ಯಾತಕ್ಕೆ ಬಂತು ಅಂತ ಕೇಳಿದರೆ ಅವನ ಹತ್ತಿರ ಉತ್ತರವಿಲ್ಲ.

ಉತ್ತರವಿಲ್ಲದೆ ಸಂಬಳ ತಗೊಳ್ಳೋದು ಹೇಗಿರತ್ತೆ ಅಂತ ನಮ್ಮ ಊರಿನ ಎಷ್ಟೋ ಜನಕ್ಕೆ ಗೊತ್ತು. ಅದಕ್ಕೆ ನಮ್ಮಲ್ಲಿ ಒಂದು ಹೆಸರೂ ಇದೆ, ಬೆಂಚ್. ಸರ್ವಿಸ್ ಕಂಪನಿಗಳಲ್ಲಿ ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗುವ ತನಕ ಬೆಂಚ್ ಮೇಲೆ ಇರ್ತೀವಿ. ಸಂಬಳ ಪೂರ್ತಿ. ಲಾಗಿನ್ ಆಗಬೇಕು, ಟೈಮ್‌ಶೀಟ್ ತುಂಬಬೇಕು, ಯಾವುದೋ ಟ್ರೈನಿಂಗ್ ವಿಡಿಯೋ ಹಾಕಿ ಸರ್ಟಿಫಿಕೇಟ್ ತಗೋಬೇಕು. ನಾನೂ ಕೆಲವು ತಿಂಗಳು ಇದ್ದೆ. ಮೊದಲ ವಾರ ಹಬ್ಬ. ಕೆಳಗಿನ ಕ್ಯಾಂಟೀನಿನಲ್ಲಿ ಎರಡು ಗಂಟೆ ಕಾಫಿ, ಸಂಜೆ ನಾಲ್ಕಕ್ಕೇ ಟ್ರಾಫಿಕ್ ಇಲ್ಲದ ರಸ್ತೆ. ಎರಡನೇ ವಾರ ಪುಸ್ತಕ ಓದಬಹುದು ಅಂದುಕೊಂಡೆ, ಓದೋಕೆ ಆಗಲಿಲ್ಲ. ಮೂರನೇ ವಾರದ ಹೊತ್ತಿಗೆ ಮನೆಗೆ ಬಂದವರು “ಈಗ ಯಾವ ಪ್ರಾಜೆಕ್ಟು?” ಅಂತ ಕೇಳಿದರೆ ಮಾತು ಬದಲಿಸ್ತಿದ್ದೆ. ಕೆಲಸ ಹೋಗತ್ತೆ ಅನ್ನೋ ಭಯ ಇತ್ತು, ನಿಜ. ಅದಕ್ಕಿಂತ ಕಸಿವಿಸಿ ಇನ್ನೊಂದಿತ್ತು. ಒಂದು ದಿನ ಜ್ವರ ಬಂದು ಲಾಗಿನ್ ಆಗಲಿಲ್ಲ, ಯಾರಿಗೂ ಗೊತ್ತೇ ಆಗಲಿಲ್ಲ.

ಶಾನಭಾಗರ ಡೈರೆಕ್ಟರ್ ಸಾಹೇಬರದು ಜೀವನಪೂರ್ತಿ ಬೆಂಚು. ಶುರುವಿನಲ್ಲಿ ಕಚೇರಿ ಕಡೆ ಹೋಗಿ ನೋಡುತ್ತಾನೆ. ಅಲ್ಲಿ ಅವನಿಲ್ಲದೇ ಎಲ್ಲ ನಡೀತಿರತ್ತೆ, ಅವನಿದ್ದರೂ ಹಾಗೇ ನಡೆಯತ್ತೆ. ಮೆಲ್ಲಗೆ ಹೋಗೋದು ಬಿಡುತ್ತಾನೆ. ಈ ಭಾಗದಲ್ಲಿ ಶಾನಭಾಗರು ದನಿ ಎತ್ತೋದಿಲ್ಲ, ಬೈಯೋದಿಲ್ಲ. ಒಂದು ಅಭ್ಯಾಸ ತಪ್ಪುವ ಹಾಗೆ ಅವನ ದುಡಿಮೆ ತಪ್ಪಿಹೋಗತ್ತೆ, ಅಷ್ಟೇ. ಸೋಮಾರಿಯೊಬ್ಬನ ಚಿತ್ರ ಬರೆಯೋದು ಸುಲಭ. ಬೇಡವಾದವನ ಚಿತ್ರ ಬರೆಯೋದು ಕಷ್ಟ. ಇಲ್ಲಿರೋದು ಎರಡನೆಯದು, ಪುಸ್ತಕದ ಶಕ್ತಿ ಇರೋದೂ ಅಲ್ಲೇ.

ಡೇವಿಡ್ ಗ್ರೇಬರ್ ಅನ್ನೋ ಮಾನವಶಾಸ್ತ್ರಜ್ಞ 2013ರಲ್ಲಿ ಒಂದು ಪ್ರಬಂಧ ಬರೆದ, 2018ರಲ್ಲಿ ಅದನ್ನೇ ಬೆಳೆಸಿ ‘ಬುಲ್‌ಶಿಟ್ ಜಾಬ್ಸ್’ ಅನ್ನೋ ಪುಸ್ತಕ ಮಾಡಿದ. ಮಾಡುವವರಿಗೇ ಇದರಿಂದ ಯಾರಿಗೂ ಏನೂ ಆಗಬೇಕಾದ್ದಿಲ್ಲ ಅಂತ ಒಳಗೊಳಗೇ ಗೊತ್ತಿರುವ, ಆದರೆ ಹೊರಗೆ ಹೇಳಿಕೊಳ್ಳಲಾಗದ ನೌಕರಿಗಳ ಬಗ್ಗೆ. ಪುಕ್ಕಟೆ ಸಂಬಳ ಸಿಕ್ಕರೆ ಮನುಷ್ಯ ಖುಷಿಯಾಗಿರಬೇಕಲ್ಲ, ಯಾಕೆ ಕೊರಗ್ತಾನೆ ಅಂತ ಕೇಳಿಕೊಂಡು ಅವನು ಒಬ್ಬ ಹಳೇ ಜರ್ಮನ್ ಮನಶ್ಶಾಸ್ತ್ರಜ್ಞನ ಹತ್ತಿರ ಹೋಗುತ್ತಾನೆ. ಕಾರ್ಲ್ ಗ್ರೂಸ್ ಅಂತ, 1901ರ ಮಾತು. ಕೈ ಆಡಿಸಿದಾಗ ಪೆನ್ಸಿಲ್ ಉರುಳಿತು, ಮತ್ತೆ ಆಡಿಸಿದರೆ ಮತ್ತೆ ಉರುಳಿತು ಅನ್ನೋದು ಗೊತ್ತಾದಾಗ ಮಗುವಿಗೆ ಆಗೋ ಸಂತೋಷವನ್ನ ಗ್ರೂಸ್ ಗಮನಿಸಿದ್ದ. ನನ್ನಿಂದ ಏನೋ ಆಯ್ತು ಅನ್ನೋ ಸಂತೋಷ. ಅದನ್ನು ಕಿತ್ತುಕೊಂಡರೆ ದೊಡ್ಡವರೂ ಒಳಗೆ ಕುಸಿಯುತ್ತಾರೆ ಅನ್ನೋದು ಗ್ರೇಬರನ ವಾದ. ಈ ವಾದ ಓದಿ ಮತ್ತೆ ‘ಘಾಚರ್ ಘೋಚರ್’ಗೆ ಬಂದರೆ ಕಾಫಿ ಹೌಸಿನ ಕುರ್ಚಿ ಬೇರೆಯೇ ಥರ ಕಾಣತ್ತೆ. ಅಲ್ಲಿ ಕೂತವನು ಆರಾಮಾಗಿಲ್ಲ. ಅವನ ಕೈಯಿಂದ ಏನೂ ಉರುಳೋದಿಲ್ಲ.

ಇದನ್ನೆಲ್ಲ ಅವನ ಮುಖಕ್ಕೆ ಹಿಡಿಯುವವಳು ಹೆಂಡತಿ ಅನಿತಾ. ಮನೆಯವರ ಕಣ್ಣಲ್ಲಿ ಅವಳು ಬಾಯಿಬಡುಕಿ. ಓದುಗರಲ್ಲೂ ಕೆಲವರು ಅವಳನ್ನ ಹಾಗೇ ನೋಡ್ತಾರೆ. ಆದರೆ ಅವಳು ಕೇಳೋದೇನು? ನಿನಗೆ ಇಷ್ಟವಾದದ್ದು ಹುಡುಕು, ನಿನ್ನ ಪ್ಯಾಶನ್ ಯಾವುದು ನೋಡು ಅಂತ ಎಲ್ಲೂ ಕೇಳೋದಿಲ್ಲ. ನೀನು ದುಡಿದು ತಿನ್ನು ಅಂತಾಳೆ. ಇನ್ನೊಬ್ಬರ ದುಡಿಮೆಯ ಮೇಲೆ ಕೂತು ಉಂಡರೆ ಆ ಇನ್ನೊಬ್ಬರು ಏನು ಮಾಡಿದರೂ ತಲೆಯಾಡಿಸಬೇಕಾಗತ್ತೆ ಅನ್ನೋದು ಅವಳಿಗೆ ಅರ್ಥವಾಗಿದೆ. ಆ ಮನೆಯಲ್ಲಿ ಚಿಕ್ಕಪ್ಪನ ಊಟ, ಚಿಕ್ಕಪ್ಪನ ನಿದ್ದೆ, ಚಿಕ್ಕಪ್ಪನ ಗುಟ್ಟು ಎಲ್ಲವನ್ನೂ ಎಲ್ಲರೂ ಕಾಯುತ್ತಾರಲ್ಲ, ಅದಕ್ಕೆ ಕಾರಣ ಪ್ರೀತಿ ಒಂದೇ ಅಲ್ಲ. ಕೆಲಸವಿಲ್ಲದ ಸಂಬಳ ನಮ್ಮನ್ನು ಸುಮ್ಮನಿರಿಸುವ ಸಂಬಳ ಕೂಡ. ಇಎಂಐ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಬ್ಬಳು ಚಿತ್ರಾ. ಕಾಫಿ ಹೌಸಿನ ಹಳೇ ಗೆಳತಿ, ಕಷ್ಟದಲ್ಲಿರುವ ಹೆಂಗಸರ ಪರವಾಗಿ ಕೆಲಸ ಮಾಡುವ ಸಂಸ್ಥೆಯವಳು. ಪುಸ್ತಕದಲ್ಲಿ ಅರ್ಥವಿರುವ ಕೆಲಸ ಅಂತ ಯಾರಿಗಾದರೂ ಇದ್ದರೆ ಅದು ಅವಳಿಗೆ. ಗಮನಿಸಿ, ಅದು ಖುಷಿ ಕೊಡೋ ಕೆಲಸ ಅಲ್ಲವೇ ಅಲ್ಲ. ದಿನಾ ಒಂದು ಜಗಳ, ದಿನಾ ಒಂದು ಹೆಣ್ಣಿನ ಕಣ್ಣೀರು, ಸಿಟ್ಟು. ಆದರೂ ಅವಳಿಗೆ ಹೇಳೋಕೆ ಮಾತಿದೆ, ಕೇಳಿಸಿಕೊಳ್ಳುವ ಇವನಿಗೆ ಮಾತಿಲ್ಲ. ಕೊನೆಗೆ ಇವನೇ ಅವಳಿಂದ ತಪ್ಪಿಸಿಕೊಳ್ಳುತ್ತಾನೆ. ತೃಪ್ತಿ ಅನ್ನೋದನ್ನ ನಾವು ಖುಷಿ ಅಂತ ಅನುವಾದ ಮಾಡಿಕೊಂಡಿರೋದೇ ನಮ್ಮ ಅರ್ಧ ತೊಂದರೆ ಅನ್ನಿಸತ್ತೆ ನನಗೆ. ತೇಜಸ್ವಿ ಥರ ಎಲ್ಲ ಬಿಟ್ಟು ಮೂಡಿಗೆರೆಗೆ ಹೋಗಿಬಿಡ್ತೀನಿ ಅನ್ನೋ ಗೆಳೆಯರು ನಮ್ಮೆಲ್ಲರಿಗೂ ಇದ್ದಾರೆ. ತೇಜಸ್ವಿ ಅಲ್ಲಿ ಕಾಫಿ ತೋಟ ಮಾಡಿದರು, ಅಂದರೆ ಮಳೆ, ರೋಗ, ಆಳುಕಾಳು, ಬೆಲೆ ಎಲ್ಲದರ ಜೊತೆ ಗುದ್ದಾಡಿದರು. ನಮ್ಮ ಕನಸಿನಲ್ಲಿ ಮಾತ್ರ ಬರೀ ಹಕ್ಕಿ, ಕ್ಯಾಮೆರಾ, ಗಾಳ ಇರತ್ತೆ.

ಇಲ್ಲಿಯವರೆಗೆ ಹೊಗಳಿದ್ದಾಯ್ತು. ಈ ಕಾದಂಬರಿಯ ಜೊತೆ ನನಗೊಂದು ತಕರಾರೂ ಇದೆ. ಸೋನಾ ಮಸಾಲಾದ ಗೋಡೌನಿನ ಒಳಗೆ ನಾವು ನೆಟ್ಟಗೆ ಕಾಲಿಡೋದೇ ಇಲ್ಲ. ಪೊಟ್ಟಣ ಕಟ್ಟುವವರು ಯಾರು, ಅವರಿಗೆ ಕೊಡೋದೆಷ್ಟು, ಖಾರದ ಪುಡಿಯ ಘಾಟಿನಲ್ಲಿ ಅವರು ಹೇಗೆ ಉಸಿರಾಡ್ತಾರೆ, ಇದ್ಯಾವುದೂ ಕಾಣಿಸಲ್ಲ. ಚಿಕ್ಕಪ್ಪ ಹಗಲೂ ರಾತ್ರಿ ದುಡೀತಾನೆ ಅಂತ ಕೇಳ್ತೀವಿ, ಆ ದುಡಿಮೆ ಅವನಿಗೆ ಏನು ಕೊಡತ್ತೆ ಅನ್ನೋದು ಗೊತ್ತಾಗಲ್ಲ. ನಿರೂಪಕನೇ ಒಳಗೆ ಹೋಗದವನು, ಹಾಗಾಗಿ ಪುಸ್ತಕವೂ ಹೋಗಿಲ್ಲ ಅಂತ ಸಮರ್ಥನೆ ಕೊಡಬಹುದು. ಸರಿ. ಆದರೆ ಇದರ ಪರಿಣಾಮ ಒಂದಿದೆ. ಇಡೀ ಕಾದಂಬರಿಯಲ್ಲಿ ಕಣ್ಣಿಗೆ ಕಟ್ಟುವ ಹಾಗೆ ಬರುವ ದುಡಿಮೆ ಅಂದರೆ ಅಪ್ಪನ ಹಳೇ ದುಡಿಮೆ ಒಂದೇ, ಅದೂ ನೆನಪಿನ ಬೆಳಕಿನಲ್ಲಿ. ಬಡತನದಲ್ಲಿ ಎಲ್ಲರೂ ಒಟ್ಟಿಗಿದ್ದೆವು ಅನ್ನೋ ಮಾತು ಮಗನಿಗೆ ಹಿತವಾಗಿರಬಹುದು. ಬಿಸಿಲಲ್ಲಿ ಅಂಗಡಿ ಸುತ್ತಿದವನಿಗೆ, ಇರುವೆ ಮುತ್ತಿದ ಅಡುಗೆಮನೆಯಲ್ಲಿ ನಿಂತವಳಿಗೆ ಅದು ಅಷ್ಟು ಹಿತವಾಗಿತ್ತಾ? ಅಷ್ಟು ನಿಯತ್ತಿನಿಂದ ಲೆಕ್ಕ ಕೊಟ್ಟ ಅಪ್ಪನನ್ನ ಕಂಪನಿ ಬೇಡ ಅಂತ ಕಳಿಸಿತಲ್ಲ, ಅದನ್ನೂ ಮರೆಯಬಾರದು. ಅನಿತಾ ಗಂಡನಿಗೆ ದುಡಿ ಅಂತಾಳೆ, ಅವಳದೇ ದುಡಿಮೆಯ ಪ್ರಶ್ನೆ ಮುಂದಕ್ಕೆ ಬರೋದಿಲ್ಲ. ಅವಳ ವಯಸ್ಸಿನ ಓದುಗರಿಗೆ ಇದು ಸಣ್ಣ ಕೊರತೆಯಲ್ಲ.

ಆಫೀಸಿನ ಒಳಗೆ ಹೋದ ಕನ್ನಡ ಕಾದಂಬರಿ ಬೇಕು ಅಂದರೆ ಯಶವಂತ ಚಿತ್ತಾಲರ ‘ಶಿಕಾರಿ’ ಹಿಡೀಬೇಕು. 1979ರ ಪುಸ್ತಕ. ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯಿಂದ ಮುಂಬಯಿಗೆ ಹೋಗಿ ಪ್ಲಾಸ್ಟಿಕ್ ಉದ್ಯಮದಲ್ಲಿ ದುಡಿದವರು, ಕಂಪನಿ ಅಂದರೆ ಏನು ಅಂತ ಬಲ್ಲವರು. ಅವರ ನಾಗಪ್ಪನಿಗೆ ಕೆಲಸ ಬರತ್ತೆ, ಕೆಲಸದ ಮೇಲೆ ಹಿಡಿತವಿದೆ, ಮೇಲೆ ಬರುವ ದಾರಿಯೂ ಇದೆ. ಅಂಥವನ ಮೇಲೆ ಒಂದು ದಿನ ಆರೋಪ, ವಿಚಾರಣೆ, ಕೆಲಸದಿಂದ ದೂರ ನಿಲ್ಲಿಸುವ ಪತ್ರ. ಯಾರು ಬೇಟೆಗಾರ, ಯಾತಕ್ಕೆ ಬೇಟೆ ಅಂತ ಹುಡುಕೋದೇ ಅವನ ಪಾಡಾಗತ್ತೆ. ‘ಘಾಚರ್ ಘೋಚರ್’ ಮಾತ್ರ ಓದಿದವರು, ನಮ್ಮಿಂದ ಏನಾದರೂ ಆಗುವಂಥ ಕೆಲಸ ಸಿಕ್ಕರೆ ಸಾಕು, ಎಲ್ಲ ಸರಿಹೋಗತ್ತೆ ಅಂತ ತಿಳಿಯಬಹುದು. ‘ಶಿಕಾರಿ’ ಆ ಸಮಾಧಾನ ಕೊಡೋದಿಲ್ಲ. ಕೆಲಸ ಗೊತ್ತಿದ್ದು, ಕೆಲಸ ಬೇಕಾಗಿದ್ದೂ ಒಬ್ಬ ಮನುಷ್ಯನನ್ನ ಒಂದು ಕಚೇರಿ ಮುಗಿಸಿಹಾಕಬಹುದು. ಅಂಥಲ್ಲಿ ಕೂತುಕೊಂಡು ಅರ್ಥ ಹುಡುಕೋದು ದಂಡ, ಹೊರಗೆ ಬರೋದೇ ಸರಿ.

ಈ ವ್ಯತ್ಯಾಸ ನಮ್ಮ ಎಚ್‌ಆರ್ ಸೆಷನ್‌ಗಳಲ್ಲಿ ಸಿಗೋದಿಲ್ಲ. ಅಲ್ಲಿ ಈಚೆಗೆ ಜಾಬ್ ಕ್ರಾಫ್ಟಿಂಗ್ ಅನ್ನೋ ಮಾತು ಓಡಾಡ್ತಿದೆ. ಮೂಲದಲ್ಲಿ ಅದು ಒಳ್ಳೇ ವಿಚಾರ. ಏಮಿ ರೆಜ್‌ನೆಸ್ಕಿ ಮತ್ತು ಜೇನ್ ಡಟನ್ 2001ರಲ್ಲಿ ಬರೆದ ಪ್ರಬಂಧದಲ್ಲಿ ಆಸ್ಪತ್ರೆಯೊಂದರ ಕ್ಲೀನಿಂಗ್ ಕೆಲಸದವರ ಪ್ರಸ್ತಾಪ ಬರತ್ತೆ. ಒಂದೇ ಕೆಲಸ. ಕೆಲವರಿಗೆ ಅದು ಬರೀ ನೆಲ ಒರೆಸೋದು. ಕೆಲವರು ರೋಗಿಗಳ ಜೊತೆ, ಬಂದವರ ಜೊತೆ ನಾಲ್ಕು ಮಾತಾಡ್ತಾ, ರೋಗಿ ಗುಣವಾಗೋದರಲ್ಲಿ ನಮ್ಮದೂ ಪಾಲಿದೆ ಅಂದುಕೊಂಡು ಕೆಲಸವನ್ನೇ ಹಿಗ್ಗಿಸಿಕೊಂಡಿದ್ದರು. ಹಿಗ್ಗಿಸಿಕೊಳ್ಳೋಕೆ ಅಲ್ಲಿ ಒಬ್ಬ ರೋಗಿ ಇದ್ದ ಅನ್ನೋದನ್ನ ಸೆಷನ್ ಮಾಡುವವರು ಮರೀತಾರೆ. ಯಾರೂ ತೆರೆಯದ ಡ್ಯಾಶ್‌ಬೋರ್ಡಿಗೆ ವಾರವಾರ ಅಂಕಿ ತುಂಬುವವಳಿಗೆ ನಿನ್ನ ದೃಷ್ಟಿ ಬದಲಿಸಿಕೋ ಅಂದರೆ, ಡ್ಯಾಶ್‌ಬೋರ್ಡಿನ ತಪ್ಪು ಅವಳ ತಪ್ಪಾಗತ್ತೆ.

ಇದೇ ಗತಿ ಕಾಯಕ ಅನ್ನೋ ಶಬ್ದಕ್ಕೂ ಬಂದಿದೆ. 2023ರಲ್ಲಿ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂದಾಗ ಸುತ್ತಮುತ್ತ ಎಷ್ಟೋ ಜನ ಕಾಯಕದ ಮಾತು ತೆಗೆದರು. ಶರಣರಲ್ಲಿ ಕಾಯಕದ ಜೊತೆಗೆ ದಾಸೋಹ ಇದೆ. ದುಡಿದದ್ದು ಇನ್ನೊಬ್ಬರಿಗೆ ತಲುಪಬೇಕು. ಆಯ್ದಕ್ಕಿ ಮಾರಯ್ಯನ ಕತೆ ಎಲ್ಲರಿಗೂ ಗೊತ್ತು. ಬಿದ್ದ ಅಕ್ಕಿ ಆಯ್ದು ತರೋದು ಅವನ ಕಾಯಕ. ಒಂದು ದಿನ ದಿನಕ್ಕಿಂತ ಜಾಸ್ತಿ ತಂದ. ಹೆಂಡತಿ ಲಕ್ಕಮ್ಮ ಒಳಗೆ ಬಿಟ್ಟುಕೊಳ್ಳಲಿಲ್ಲ, ಹೆಚ್ಚಿನದನ್ನ ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು. ಎಷ್ಟು ಸಾಕು, ಯಾರಿಗಾಗಿ ಅಂತ ಕೇಳೋ ಲಕ್ಕಮ್ಮನನ್ನ ಬಿಟ್ಟು ಕಾಯಕವನ್ನಷ್ಟೇ ಆಫೀಸಿನ ಗೋಡೆಗೆ ತೂಗುಹಾಕಿದರೆ ಅದು ಬರೀ ಓವರ್‌ಟೈಮ್, ಅದೂ ಸಂಬಳವಿಲ್ಲದ್ದು. ಅನಿತಾಳಲ್ಲಿ ನನಗೆ ಲಕ್ಕಮ್ಮನ ಒಂದು ಎಳೆ ಕಾಣತ್ತೆ. ಮನೆಯೊಳಗೆ ಬರೋ ದುಡ್ಡು ಎಲ್ಲಿಂದ ಬಂತು ಅಂತ ಇಬ್ಬರೂ ಬಾಗಿಲಲ್ಲೇ ಕೇಳ್ತಾರೆ.

ಹಾಗಾದರೆ ಕೆಲಸ ಬೇಜಾರಾದವರು ಏನು ಮಾಡಬೇಕು? ಕಾದಂಬರಿಗಳು ಇದಕ್ಕೆ ಉತ್ತರ ಕೊಡಲಿ ಅಂತ ಕೇಳೋದು ಅನ್ಯಾಯ. ಆದರೆ ಈ ಎರಡು ಪುಸ್ತಕ ಒಟ್ಟಿಗಿಟ್ಟುಕೊಂಡು ಓದಿದ್ದರಿಂದ ನನಗೆ ಒಂದು ಪ್ರಶ್ನೆ ಸಿಕ್ಕಿತು. ನಾಳೆಯಿಂದ ನಾನು ಹೋಗದಿದ್ದರೆ ಮೊದಲು ಯಾರಿಗೆ ಗೊತ್ತಾಗತ್ತೆ? ಯಾರಿಗೂ ಗೊತ್ತಾಗಲ್ಲ ಅಂತಾದರೆ ನಾನು ಡೈರೆಕ್ಟರ್ ಸಾಹೇಬರ ಕುರ್ಚಿಯಲ್ಲಿದ್ದೀನಿ, ಅದಕ್ಕೆ ಸಂಬಳ ಏರಿಕೆಯಾಗಲಿ, ಗೋವಾ ಟ್ರಿಪ್ ಆಗಲಿ ಮದ್ದಲ್ಲ. ಕಾದು ಕೂತ ಬೇಟೆಗಾರನಿಗೆ ಮಾತ್ರ ಗೊತ್ತಾಗತ್ತೆ ಅಂತಾದರೆ ನಾಗಪ್ಪನ ಸ್ಥಿತಿ, ನೋಟಿಸ್ ಪೀರಿಯಡ್ 90 ದಿನ ಇದ್ದರೂ ಆವತ್ತಿನಿಂದಲೇ ಎಣಿಸೋಕೆ ಶುರುಮಾಡಬೇಕು. ಇನ್ಯಾರಿಗೋ, ನಿಜವಾಗಿ ಬೇಕಾದವರಿಗೆ, ಕೊರತೆಯಾಗತ್ತೆ ಅಂತಾದರೆ ಬೇಜಾರು ಕೆಲಸದ್ದೇನಾ, ಅಥವಾ ನಿದ್ದೆಗೆಟ್ಟದ್ದು, ಟ್ರಾಫಿಕ್ಕು, ಮ್ಯಾನೇಜರು, ಕಮ್ಮಿ ಸಂಬಳ ಇವುಗಳದ್ದಾ ಅಂತ ಬಿಡಿಸಿ ನೋಡಬಹುದು. ಅನಿತಾಳ ತವರಿನಲ್ಲಿ ಹುಟ್ಟಿದ ‘ಘಾಚರ್ ಘೋಚರ್’ ಅನ್ನೋ ಮಾತಿಗೆ ಬಿಡಿಸಲಾಗದ ಗೋಜಲು ಅಂತ ಅರ್ಥ. ಎಲ್ಲ ಗೋಜಲೂ ಅಂಥದ್ದಲ್ಲ, ಕೆಲವು ಎಳೆ ಬಿಡಿಸೋಕೆ ಆಗತ್ತೆ.

ನನ್ನ ಜೊತೆ ಬೆಂಚಿನಲ್ಲಿದ್ದ ಗೆಳತಿಯೊಬ್ಬಳು ಆಮೇಲೆ ಯಾರೂ ಇಷ್ಟಪಟ್ಟು ಹೋಗದ ಒಂದು ಟೀಮಿಗೆ ಹೋದಳು. ಪೇರೋಲ್ ಸಾಫ್ಟ್‌ವೇರಿನ ಸಪೋರ್ಟ್. ಹೊಸ ಟೆಕ್ನಾಲಜಿ ಇಲ್ಲ, ರೆಸ್ಯೂಮೆಯಲ್ಲಿ ಮಿಂಚೋಕೆ ಏನೂ ಇಲ್ಲ. ತಿಂಗಳ ಕೊನೆಯ ಮೂರು ದಿನ ಅವಳ ಫೋನು ಬಡಕೊಳ್ತಾನೇ ಇರತ್ತೆ. ಎಲ್ಲೋ ಒಂದು ಕಾರ್ಖಾನೆಯಲ್ಲಿ ಯಾರದೋ ಓಟಿ ದುಡ್ಡು ಸೇರಿಲ್ಲ, ಯಾರದೋ ಪಿಎಫ್ ಎರಡು ಸಲ ಕಡಿದಿದೆ. ಬೈಕೊಂಡೇ ಸರಿಮಾಡ್ತಾಳೆ. ಮೊನ್ನೆ ಸಿಕ್ಕಾಗ ಇಷ್ಟ ಆಯ್ತಾ ಕೆಲಸ ಅಂತ ಕೇಳಿದೆ. “ಇಷ್ಟ ಗಿಷ್ಟ ಗೊತ್ತಿಲ್ಲ ಮಾರಾಯ, ಒಂದನೇ ತಾರೀಕು ಅವರಿಗೆಲ್ಲ ಸಂಬಳ ಆಗಬೇಕಲ್ಲ” ಅಂದಳು. ಅಷ್ಟರಲ್ಲಿ ಫೋನ್ ಬಂತು, ಎದ್ದು ಹೋದಳು.